ಜೂಲ್ಸ್ ವರ್ನನ ಅಂಚೆಚೀಟಿಗಳು

ಈ ಹೊತ್ತು ನಾವು ಶ್ರೋತೃಗಳ ಮುಂದಿಡಬೇಕೆಂದಿರುವ ವಿಷಯವು ನೋಟಕ್ಕೆ ಬಹು ಅಲ್ಪವಾದುದು. ಎರಡು ಬೆರಳುಗಳ ನಡುವೆ ಅಡಗಿಹೋಗುವ ಒಂದು ಕಾಗದದ ಚೂರು. ಹಿಂದೆ ಅಂಟು, ಮುಂದೆ ಚಿತ್ರ, ಒಂದು ಮೂಲೆಯಲ್ಲಿ ಬೆಲೆ, ಸುತ್ತಲೂ ಹಲ್ಲುಹಲ್ಲಾದ ಅಂಚು. ಕಾಗದವು ಸೇರಬೇಕಾದವರ ಕೈ ಸೇರಿತೆಂದರೆ ಅದರ ಕೆಲಸವು ತೀರಿತು. ಆದರೂ ಅಂಚೆಚೀಟಿಯನ್ನು ಅಲ್ಪವೆಂದು ಬದಿಗೊತ್ತುವುದು ಇತಿಹಾಸವನ್ನು ಓದುವವರಿಗೆ ತಕ್ಕುದಲ್ಲ. ಒಂದು ರಾಜ್ಯವು ತನ್ನ ಹೆಸರನ್ನು ಬರೆದು ಯಾರ ಮುಖವನ್ನು ಅಚ್ಚುಮಾಡಿಸಿ ಮನೆಮನೆಗೆ ಕಳುಹಿಸುವುದೋ, ಅವರು ತನ್ನವರೆಂದು ಅದು ಲೋಕದ ಮುಂದೆ ಸಾರಿದಂತೆಯೇ ಸರಿ. ಯಾರನ್ನು ಸಾರಿತು, ಯಾವಾಗ ಸಾರಿತು, ಯಾರನ್ನು ಬಿಟ್ಟಿತು ಎಂಬುದನ್ನು ಪರಿಶೀಲಿಸಿದರೆ ಆ ರಾಜ್ಯದ ಮನಸ್ಸು ನಮಗೆ ಸ್ವಲ್ಪಮಟ್ಟಿಗೆ ತಿಳಿದುಬರುತ್ತದೆ.

ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಹೊರಟ ಮೊತ್ತಮೊದಲನೆಯ ಅಂಚೆಚೀಟಿಯ ಮೇಲಿದ್ದುದು ವಿಕ್ಟೋರಿಯಾ ರಾಣಿಯ ಮುಖ. ಅನಂತರವೂ ಬಹುಕಾಲ ಆ ಪುಟ್ಟ ಚೌಕದಲ್ಲಿ ಸ್ಥಾನ ದೊರೆಯುತ್ತಿದ್ದುದು ಹೆಚ್ಚಾಗಿ ಅರಸರಿಗೆ, ರಾಷ್ಟ್ರನಾಯಕರಿಗೆ, ರಾಜ್ಯಲಾಂಛನಗಳಿಗೆ. ಕವಿಗಳಿಗೂ ಕಥೆಗಾರರಿಗೂ ಬಾಗಿಲು ತೆರೆದುದು ನಿಧಾನವಾಗಿ. ಫ್ರಾನ್ಸು ತನ್ನ ಮಹಾಕವಿ ವಿಕ್ಟರ್ ಹ್ಯೂಗೋವಿಗೆ ಈ ಗೌರವವನ್ನು ೧೯೩೩ರಲ್ಲಿ ಸಲ್ಲಿಸಿತು. ಅದೇ ದೇಶದ ಇನ್ನೊಬ್ಬ ಬರಹಗಾರನಾದ ಜೂಲ್ಸ್ ವರ್ನನ ಸರದಿ ಬಂದುದು ಅದಕ್ಕೆ ಇಪ್ಪತ್ತೆರಡು ವರ್ಷಗಳ ತರುವಾಯ, ೧೯೫೫ರಲ್ಲಿ; ಅವನು ತೀರಿಕೊಂಡು ಐವತ್ತು ವರ್ಷಗಳು ತುಂಬಿದಾಗ. ಮೂವತ್ತು ಫ್ರಾಂಕು ಬೆಲೆಯ ಆ ಚೀಟಿಯ ಮೇಲೆ ಗಡ್ಡಧಾರಿಯಾದ ಲೇಖಕನೊಡನೆ ಒಂದು ಜಲಾಂತರ್ಗಾಮಿ ನೌಕೆಯನ್ನು ಚಿತ್ರಿಸಿದ್ದರು. ಆ ನೌಕೆಯ ಹೆಸರು ನಾಟಿಲಸ್. ಅದನ್ನು ನಡೆಸಿದ ನಾವಿಕನು ಯಾರೆಂಬ ಪ್ರಶ್ನೆಯು ಕೊನೆಗೆ ನಮ್ಮನ್ನು ಶ್ರೀರಂಗಪಟ್ಟಣದ ಕೋಟೆಯ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಅಲ್ಲಿಗೆ ಹೋಗುವ ಮೊದಲು ಲೇಖಕನ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳುವುದು ಉಚಿತ.

ಜೂಲ್ಸ್ ವರ್ನನು ಹುಟ್ಟಿದುದು ೧೮೨೮ನೆಯ ಫೆಬ್ರವರಿ ೮ರಂದು, ಲ್ವಾರ್ ನದಿಯ ಮೇಲಿನ ನಾಂತ್ ಎಂಬ ರೇವುಪಟ್ಟಣದಲ್ಲಿ. ತಂದೆಯು ವಕೀಲ, ಮಗನೂ ಅದೇ ವೃತ್ತಿಯಲ್ಲಿ ನಿಲ್ಲಲೆಂದು ಅವನನ್ನು ಪ್ಯಾರಿಸಿಗೆ ಕಳುಹಿಸಿದನು. ಮಗನಾದರೋ ನ್ಯಾಯಶಾಸ್ತ್ರಕ್ಕಿಂತ ನಾಟಕಶಾಲೆಯನ್ನು ಹೆಚ್ಚಾಗಿ ಮೆಚ್ಚಿದನು. ಹೊಟ್ಟೆಪಾಡಿಗಾಗಿ ಷೇರುಪೇಟೆಯಲ್ಲಿ ದುಡಿಯುತ್ತ, ಗ್ರಂಥಾಲಯದಲ್ಲಿ ಭೂಗೋಳ, ಖಗೋಳ, ಯಂತ್ರವಿದ್ಯೆಗಳ ಪುಸ್ತಕಗಳನ್ನು ಓದಿ ಟಿಪ್ಪಣಿಗಳನ್ನು ಕೂಡಿಹಾಕಿದನು. ಹೆಟ್ಸೆಲ್ ಎಂಬ ಪ್ರಕಾಶಕನ ಆಶ್ರಯದಲ್ಲಿ ೧೮೬೩ರಲ್ಲಿ ಅವನ ಮೊದಲ ಕಾದಂಬರಿಯು ಹೊರಬಿದ್ದಿತು. ಅಲ್ಲಿಂದ ಮುಂದೆ, ೧೯೦೫ನೆಯ ಮಾರ್ಚ್ ೨೪ರಂದು ಆಮಿಯೆನ್ ನಗರದಲ್ಲಿ ಕಣ್ಣುಮುಚ್ಚುವವರೆಗೂ ಅವನ ಲೇಖನಿಯು ವಿಶ್ರಮಿಸಲಿಲ್ಲ. ‘ಅಸಾಧಾರಣ ಯಾತ್ರೆಗಳು’ ಎಂಬ ಹೆಸರಿನ ಮಾಲೆಯಲ್ಲಿ ಐವತ್ತಕ್ಕೂ ಹೆಚ್ಚು ಕಾದಂಬರಿಗಳು ಪ್ರಕಟವಾದುವು. ಓದುಗರು ಮುಗಿಬಿದ್ದು ಕೊಂಡರು. ಪಂಡಿತರು ಮಾತ್ರ ಅವನ್ನು ಹುಡುಗರ ಪುಸ್ತಕಗಳೆಂದು ಎಣಿಸಿ ಸುಮ್ಮನಾದರು. ಫ್ರೆಂಚ್ ಅಕಾಡೆಮಿಯು ಅವನನ್ನು ಒಳಗೆ ಕರೆಯಲಿಲ್ಲ. ಫ್ರೆಂಚ್ ಸಾಹಿತ್ಯದಲ್ಲಿ ತನಗೆ ಸ್ಥಾನವೇ ದೊರೆಯಲಿಲ್ಲವೆಂಬ ಕೊರಗನ್ನು ಮುಪ್ಪಿನಲ್ಲಿ ಅವನು ಬಾಯಿಬಿಟ್ಟು ಹೇಳಿಕೊಂಡದ್ದುಂಟು. ಅಕಾಡೆಮಿಯು ಕೊಡದಿದ್ದ ಮನ್ನಣೆಯನ್ನು ಅಂಚೆಯ ಇಲಾಖೆಯು ಕೊಟ್ಟಿತೆಂದು ನಾವು ಹೇಳಬಹುದು.

ಅಂಚೆಗೂ ವರ್ನನಿಗೂ ಇರುವ ಸಂಬಂಧವು ೧೯೫೫ರಲ್ಲಿ ಹುಟ್ಟಿದುದಲ್ಲ. ಅವನ ಮೊದಲ ಕಾದಂಬರಿಯ ಹೆಸರು ‘ಬೆಲೂನಿನಲ್ಲಿ ಐದು ವಾರಗಳು’. ಮೂವರು ಗೃಹಸ್ಥರು ಬೆಲೂನನ್ನೇರಿ ಆಫ್ರಿಕಾ ಖಂಡವನ್ನು ದಾಟುವ ಕಥೆ ಅದು. ಅದನ್ನು ಓದಿ ಜನರು ವಿನೋದಪಟ್ಟರು. ಎಂಟು ವರ್ಷ ಕಳೆಯುವುದರೊಳಗೆ ವಿನೋದವು ಅವಶ್ಯಕತೆಯಾಯಿತು. ೧೮೭೦ನೆಯ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸ್ ನಗರವನ್ನು ಮುತ್ತಿತು. ರೈಲು ನಿಂತಿತು, ತಂತಿ ಕಡಿಯಿತು, ಟಪಾಲು ಹೊರಡುವ ದಾರಿಗಳೆಲ್ಲ ಮುಚ್ಚಿಹೋದುವು. ಆಗ ಉಳಿದ ದಾರಿಯು ಆಕಾಶವೊಂದೇ. ವರ್ನನ ಗೆಳೆಯನೂ ಪ್ರಸಿದ್ಧ ಛಾಯಾಗ್ರಾಹಕನೂ ಆಗಿದ್ದ ನಾದಾರ್ ಎಂಬಾತನು ಬೆಲೂನು ಬಲ್ಲವರನ್ನು ಕೂಡಿಸಿದನು. ಸೆಪ್ಟೆಂಬರ್ ೨೩ರಂದು ‘ನೆಪ್ಚೂನ್’ ಎಂಬ ಬೆಲೂನು ಮೋಂಮಾರ್ತ್ರ್ ಗುಡ್ಡದ ಬುಡದಿಂದ ಟಪಾಲಿನ ಚೀಲಗಳನ್ನು ಹೊತ್ತು ಶತ್ರುವಿನ ಸಾಲುಗಳ ಮೇಲೆ ಹಾರಿಹೋಯಿತು. ಮುತ್ತಿಗೆಯು ಮುಗಿಯುವುದರೊಳಗೆ ಅರವತ್ತಕ್ಕೂ ಹೆಚ್ಚು ಬೆಲೂನುಗಳು ಹೀಗೆಯೇ ಹೊರಟುವು. ಒಂದೊಂದು ಕಾಗದವೂ ನಾಲ್ಕು ಗ್ರಾಮು ತೂಕವನ್ನು ಮೀರಬಾರದು, ಇಪ್ಪತ್ತು ಸೆಂಟೀಮಿನ ಚೀಟಿಯನ್ನು ಅಂಟಿಸಬೇಕು ಎಂದು ನಿಯಮ. ಒಂದು ಬೆಲೂನಂತೂ ಗಾಳಿಗೆ ಸಿಕ್ಕಿ ನಾರ್ವೆ ದೇಶದ ಹಿಮದಲ್ಲಿ ಇಳಿಯಿತು. ಬದುಕಿದ್ದೇವೆಂದು ಮನೆಗೆ ತಿಳಿಸುವ ಲಕ್ಷಾಂತರ ಕಾಗದಗಳು ಅಂದು ಆಕಾಶಮಾರ್ಗವಾಗಿ ಹೋದುವು. ವರ್ನನು ಬೆಲೂನನ್ನು ಕಂಡುಹಿಡಿದವನಲ್ಲ. ಅದು ಅವನಿಗಿಂತ ಬಹಳ ಹಿಂದಿನದು. ಆದರೆ ಮನೆಯಲ್ಲಿ ಕುಳಿತ ಸಾಮಾನ್ಯ ಓದುಗನು ಆಕಾಶವನ್ನು ಒಂದು ದಾರಿಯೆಂದು ಭಾವಿಸುವಂತೆ ಮಾಡಿದವರಲ್ಲಿ ಅವನು ಮುಖ್ಯನಾದವನು. ೧೯೮೨ರಲ್ಲಿ ಫ್ರಾನ್ಸು ರೆಡ್‌ಕ್ರಾಸ್ ಸಂಸ್ಥೆಯ ಸಹಾಯಾರ್ಥವಾಗಿ, ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಹಣವನ್ನು ಸೇರಿಸಿ ಹೊರಡಿಸಿದ ಎರಡು ಚೀಟಿಗಳಿಗೆ ವರ್ನನ ಬೆಲೂನಿನ ಕಥೆಯನ್ನೂ ಸಮುದ್ರದ ಕಥೆಯನ್ನೂ ಆರಿಸಿಕೊಂಡದ್ದು ಉಚಿತವಾಗಿಯೇ ಇದೆ.

ಮೊನಾಕೋ ಎಂಬ ಪುಟ್ಟ ಸಂಸ್ಥಾನವೂ ೧೯೫೫ರಲ್ಲಿಯೇ ವರ್ನನ ಕಾದಂಬರಿಗಳ ದೃಶ್ಯಗಳುಳ್ಳ ಚೀಟಿಗಳ ಒಂದು ಮಾಲೆಯನ್ನು ಹೊರಡಿಸಿತು. ಅದರಲ್ಲಿ ವಿಮಾನದ ಅಂಚೆಗೆಂದು ಮೀಸಲಾದ ಇನ್ನೂರು ಫ್ರಾಂಕಿನ ಚೀಟಿಗೆ ಚಂದ್ರಯಾನವನ್ನೇ ವಿಷಯವಾಗಿಟ್ಟಿದ್ದರು. ‘ಭೂಮಿಯಿಂದ ಚಂದ್ರನಿಗೆ’ ಎಂಬ ೧೮೬೫ರ ಕಾದಂಬರಿಯಲ್ಲಿ ಒಂಬೈನೂರು ಅಡಿ ಉದ್ದದ ಫಿರಂಗಿಯಿಂದ ಮೂವರನ್ನು ಗುಂಡಿನೊಳಗೆ ಕುಳ್ಳಿರಿಸಿ ಹಾರಿಸುತ್ತಾರೆ. ಹೀಗೆ ಹಾರಿಸಿದರೆ ಒಳಗಿನವರು ಮೊದಲನೆಯ ಕ್ಷಣದಲ್ಲಿಯೇ ನುಚ್ಚುನೂರಾಗುವರೆಂಬುದು ಶಾಸ್ತ್ರಬಲ್ಲವರ ಮಾತು, ಅದು ನಿಜವೇ. ಆದರೆ ಆ ಫಿರಂಗಿಯನ್ನು ವರ್ನನು ನಿಲ್ಲಿಸಿದ್ದುದು ಅಮೆರಿಕದ ಫ್ಲಾರಿಡಾ ಪ್ರಾಂತ್ಯದಲ್ಲಿ. ಯಾತ್ರಿಕರು ಮರಳಿ ಬಂದು ಬಿದ್ದುದು ಪೆಸಿಫಿಕ್ ಮಹಾಸಾಗರದಲ್ಲಿ. ೧೯೬೯ನೆಯ ಜುಲೈ ತಿಂಗಳಲ್ಲಿ ಮೂವರು ನಿಜವಾಗಿಯೂ ಫ್ಲಾರಿಡಾದಿಂದ ಹೊರಟು, ಚಂದ್ರನನ್ನು ಮುಟ್ಟಿ, ಪೆಸಿಫಿಕ್ ಸಾಗರಕ್ಕೆ ಇಳಿದರು. ಹಿಂದಿರುಗುವ ದಾರಿಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗನು ಭೂಮಿಯವರೊಡನೆ ಮಾತಾಡುತ್ತ ವರ್ನನ ಹೆಸರನ್ನು ನೆನೆದನು. ತರುವಾಯ ಈ ಬಗೆಯ ಸಾಹಿತ್ಯವನ್ನು ಹುಡುಗಾಟವೆಂದು ತಳ್ಳಿಹಾಕುವುದು ಯಾರಿಗೂ ಸುಲಭವಾಗಿ ಉಳಿಯಲಿಲ್ಲ. ಬ್ರಿಟನ್ ದೇಶವು ೧೯೯೫ರಲ್ಲಿ ಹೆಚ್. ಜಿ. ವೆಲ್ಸನ ‘ಕಾಲಯಂತ್ರ’ದ ಶತಮಾನೋತ್ಸವಕ್ಕೆಂದು ಅವನ ಕಥೆಗಳ ಮೇಲೆ ನಾಲ್ಕು ಚೀಟಿಗಳನ್ನೂ, ಫ್ರಾನ್ಸು ೨೦೦೫ರಲ್ಲಿ ವರ್ನನ ಆರು ಕಾದಂಬರಿಗಳಿಗೆ ಆರು ಚೀಟಿಗಳನ್ನೂ ಹೊರಡಿಸಿದುವು.

ಇನ್ನು ನಾಟಿಲಸಿನ ಸಂಗತಿ. ಆ ಹೆಸರು ವರ್ನನ ಸ್ವಂತದ್ದಲ್ಲ. ಅಮೆರಿಕದ ರಾಬರ್ಟ್ ಫುಲ್ಟನ್ ಎಂಬ ಯಂತ್ರಜ್ಞನು ೧೮೦೦ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ನೀರಿನಲ್ಲಿ ಮುಳುಗಿ ನಡೆಯುವ ದೋಣಿಗೆ ಆ ಹೆಸರಿದ್ದಿತು. ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ ಎಂಬ ಕಾದಂಬರಿಯು ೧೮೬೯-೭೦ರಲ್ಲಿ ಪ್ರಕಟವಾದ ಮೇಲೆ ಆ ಹೆಸರು ಲೋಕದ ಸ್ವತ್ತಾಯಿತು. ಅಮೆರಿಕವು ಅಣುಶಕ್ತಿಯಿಂದ ನಡೆಯುವ ಮೊದಲ ಜಲಾಂತರ್ಗಾಮಿಯನ್ನು ೧೯೫೪ರಲ್ಲಿ ನೀರಿಗಿಳಿಸಿದಾಗ ಅದಕ್ಕೂ ನಾಟಿಲಸ್ ಎಂದೇ ಹೆಸರಿಟ್ಟಿತು. ೧೯೫೮ರಲ್ಲಿ ಅದು ಹಿಮದ ಕೆಳಗಿನಿಂದ ಉತ್ತರ ಧ್ರುವವನ್ನು ಹಾದುಹೋಯಿತು. ಮರುವರ್ಷ ಅಮೆರಿಕದ ನಾಲ್ಕು ಸೆಂಟಿನ ಚೀಟಿಯೊಂದರ ಮೇಲೆ ನಾಯಿಗಳೆಳೆಯುವ ಹಿಮಬಂಡಿಯ ಜೊತೆಯಲ್ಲಿ ಅದರ ಚಿತ್ರವೂ ಬಂದಿತು. ಹೀಗೆ ಕಥೆಯ ನೌಕೆಯು ಒಂದು ದೇಶದ ಅಂಚೆಚೀಟಿಯನ್ನೇರಿದ ನಾಲ್ಕು ವರ್ಷಗಳಲ್ಲಿಯೇ ಕಬ್ಬಿಣದ ನೌಕೆಯು ಇನ್ನೊಂದು ದೇಶದ ಅಂಚೆಚೀಟಿಯನ್ನೇರಿತು. ಆದರೆ ಇಲ್ಲೊಂದು ವೈಪರೀತ್ಯವಿದೆ. ಕಥೆಯ ನಾಟಿಲಸ್ ಯಾವ ರಾಜ್ಯದ ಧ್ವಜವನ್ನೂ ಹಾರಿಸಿದುದಲ್ಲ. ಬಲಿಷ್ಠ ರಾಜ್ಯಗಳ ದಬ್ಬಾಳಿಕೆಯಿಂದ ನೊಂದವನೊಬ್ಬನು, ಯಾವ ರಾಜ್ಯವೂ ತನ್ನನ್ನು ಮುಟ್ಟಲಾರದ ತಾಣವೆಂದು ಕಡಲಡಿಯನ್ನು ಆರಿಸಿಕೊಂಡು ಕಟ್ಟಿದ ನೌಕೆ ಅದು. ಅಂಥದರ ಹೆಸರನ್ನು ಒಂದು ಬಲಿಷ್ಠ ರಾಜ್ಯದ ಯುದ್ಧನೌಕೆಯು ಧರಿಸಿತು.

ಆ ನೊಂದವನು ಯಾರು? ತನ್ನ ಹೆಸರು ನೆಮೋ ಎಂದು ಅವನು ಹೇಳಿಕೊಳ್ಳುತ್ತಾನೆ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ‘ಯಾರೂ ಅಲ್ಲ’ ಎಂದರ್ಥ. ಕಾದಂಬರಿಯು ಮುಗಿದರೂ ಅವನ ಕುಲ, ದೇಶ, ಭಾಷೆ ಯಾವುದೂ ತಿಳಿಯುವುದಿಲ್ಲ. ಎರಡು ಸುಳಿವುಗಳು ಮಾತ್ರ ಸಿಕ್ಕುತ್ತವೆ. ಸಿಂಹಳದ ಬಳಿ ಮುತ್ತು ತೆಗೆಯುವ ಬಡ ಇಂಡಿಯದವನೊಬ್ಬನನ್ನು ನೆಮೋ ಷಾರ್ಕ್ ಮೀನಿನ ಬಾಯಿಂದ ಬಿಡಿಸಿ, ಅವನ ಕೈಯಲ್ಲಿ ಒಂದು ಚೀಲ ಮುತ್ತುಗಳನ್ನಿಟ್ಟು ಬರುತ್ತಾನೆ. ಅವನು ತುಳಿತಕ್ಕೆ ಸಿಕ್ಕಿದ ನಾಡಿನವನು, ತಾನೂ ಕಡೆಯುಸಿರಿನವರೆಗೆ ಅಂಥ ನಾಡಿನವನೇ ಎಂಬ ಭಾವವನ್ನು ಹೊರಗೆಡಹುತ್ತಾನೆ. ಇನ್ನೊಂದು ಸುಳಿವು ಅವನ ಕೋಣೆಯ ಗೋಡೆಯ ಮೇಲಿನ ಚಿತ್ರಪಟಗಳು. ಪೋಲೆಂಡಿನ ಕೊಷ್ಚೂಷ್ಕೊ, ಗ್ರೀಸಿನ ಬೊತ್ಸಾರಿಸ್, ಐರ್ಲೆಂಡಿನ ಓಕಾನೆಲ್, ಇಟಲಿಯ ಮನೀನ್, ಅಮೆರಿಕದ ವಾಷಿಂಗ್ಟನ್, ಲಿಂಕನ್, ಜಾನ್ ಬ್ರೌನ್: ಎಲ್ಲರೂ ದಾಸ್ಯವನ್ನೊಪ್ಪದೆ ಹೋರಾಡಿದವರು.

ವರ್ನನು ಮೊದಲು ಉದ್ದೇಶಿಸಿದ್ದಂತೆ ನೆಮೋ ಪೋಲೆಂಡಿನ ಒಬ್ಬ ಶ್ರೀಮಂತ. ೧೮೬೩ರ ದಂಗೆಯಲ್ಲಿ ರಷ್ಯದವರಿಂದ ಮನೆಮಕ್ಕಳನ್ನು ಕಳೆದುಕೊಂಡವನು. ಪ್ರಕಾಶಕನಾದ ಹೆಟ್ಸೆಲ್ ಇದಕ್ಕೆ ಒಪ್ಪಲಿಲ್ಲ. ರಷ್ಯದಲ್ಲಿ ಪುಸ್ತಕವು ಮಾರಾಟವಾಗಬೇಕು. ಆ ಸರ್ಕಾರದ ಕೋಪವನ್ನು ಕಟ್ಟಿಕೊಳ್ಳುವುದು ಲಾಭವಲ್ಲ. ಲೇಖಕನಿಗೂ ಪ್ರಕಾಶಕನಿಗೂ ಇದರ ವಿಚಾರವಾಗಿ ಪತ್ರಗಳಲ್ಲಿ ವಾದವೇ ನಡೆಯಿತು. ಕೊನೆಗೆ ವರ್ನನು ತನ್ನ ವೀರನಿಗೆ ಬೇರೆ ದೇಶವನ್ನು ಕೊಡುವುದಕ್ಕಿಂತ ಯಾವ ದೇಶವನ್ನೂ ಕೊಡದಿರುವುದೇ ಲೇಸೆಂದು ಬಗೆದನು. ನೆಮೋ ‘ಯಾರೂ ಅಲ್ಲ’ದವನಾಗಿ ಉಳಿದುದಕ್ಕೆ ಪುಸ್ತಕವ್ಯಾಪಾರದ ಭಯವೂ ಒಂದು ಕಾರಣ.

ಆ ಮೌನವು ನಾಲ್ಕೈದು ವರ್ಷಗಳ ಮೇಲೆ ಮುರಿಯಿತು. ೧೮೭೪ರಿಂದ ೧೮೭೫ರವರೆಗೆ ಕಂತುಕಂತಾಗಿ ಬಂದ ‘ರಹಸ್ಯದ್ವೀಪ’ ಎಂಬ ಕಾದಂಬರಿಯ ಕೊನೆಯಲ್ಲಿ, ಸಾಯುವ ಹೊತ್ತಿನ ಮುದುಕನಾದ ನೆಮೋ ತನ್ನ ನಿಜವನ್ನು ಹೇಳಿಕೊಳ್ಳುತ್ತಾನೆ. ಅವನ ಹೆಸರು ರಾಜಕುಮಾರ ಡಕ್ಕಾರ್. ಬುಂದೇಲಖಂಡದ ಒಬ್ಬ ರಾಜನ ಮಗ. ಹತ್ತನೆಯ ವಯಸ್ಸಿನಲ್ಲಿ ಯೂರೋಪಿಗೆ ಹೋಗಿ ಮೂವತ್ತರವರೆಗೆ ಅಲ್ಲಿನ ಶಾಸ್ತ್ರಗಳನ್ನೆಲ್ಲ ಕಲಿತು ೧೮೪೯ರಲ್ಲಿ ಸ್ವದೇಶಕ್ಕೆ ಬಂದವನು. ೧೮೫೭ರ ಸಂಗ್ರಾಮದಲ್ಲಿ ಹೋರಾಡಿ, ಹೆಂಡತಿಮಕ್ಕಳನ್ನೂ ನಾಡನ್ನೂ ಕಳೆದುಕೊಂಡು, ಉಳಿದ ಇಪ್ಪತ್ತು ಮಂದಿ ಸಂಗಡಿಗರೊಡನೆ ಲೋಕದಿಂದ ಮರೆಯಾದವನು. ಅಷ್ಟೇ ಅಲ್ಲ, ಅವನು ಟೀಪೂ ಸುಲ್ತಾನನ ಸೋದರಸಂಬಂಧದ ಮಗನೆಂದೂ ವರ್ನನು ಬರೆದಿದ್ದಾನೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ೧೭೯೯ನೆಯ ಮೇ ೪ರಂದು ಮಡಿದ ಟೀಪುವಿನ ಹೆಸರು, ಮುಕ್ಕಾಲು ಶತಮಾನದ ತರುವಾಯ, ಪ್ಯಾರಿಸಿನ ಬಾಲಕರು ಓದುವ ಒಂದು ಪತ್ರಿಕೆಯಲ್ಲಿ ಹೀಗೆ ಮರಳಿ ಕೇಳಿಬಂದಿತು.

ಇದನ್ನು ಕೇಳಿ ನಮ್ಮಲ್ಲಿ ಕೆಲವರಿಗೆ ಹೆಮ್ಮೆಯುಂಟಾಗಬಹುದು. ಆ ಹೆಮ್ಮೆಯನ್ನು ಸ್ವಲ್ಪ ತಡೆಹಿಡಿಯುವುದು ಇತಿಹಾಸಧರ್ಮ. ಮೊದಲನೆಯದಾಗಿ, ವರ್ನನ ಲೆಕ್ಕದಂತೆಯೇ ಡಕ್ಕಾರನು ಹುಟ್ಟಿದುದು ಟೀಪುವು ಮಡಿದ ಸುಮಾರು ಇಪ್ಪತ್ತು ವರ್ಷಗಳ ಮೇಲೆ. ಎರಡನೆಯದಾಗಿ, ಬುಂದೇಲಖಂಡದ ರಾಜಮನೆತನಕ್ಕೂ ಮೈಸೂರಿನ ಸುಲ್ತಾನನಿಗೂ ಹೀಗೆ ನಂಟುಕಟ್ಟಲು ಇತಿಹಾಸದಲ್ಲಿ ಆಧಾರವಿಲ್ಲ. ವರ್ನನು ಇಂಡಿಯವನ್ನು ಕಂಡವನಲ್ಲ. ಇಂಗ್ಲಿಷರನ್ನು ಎದುರಿಸಿದವರಲ್ಲಿ ಫ್ರೆಂಚರಿಗೆ ಚೆನ್ನಾಗಿ ತಿಳಿದಿದ್ದ ಹೆಸರು ಟೀಪುವಿನದು. ಅವನು ಅವರ ಮಿತ್ರನಾಗಿದ್ದವನು. ಆ ಹೆಸರನ್ನೂ ೧೮೫೭ರ ನೆನಪನ್ನೂ ಒಂದೇ ದಾರದಲ್ಲಿ ಪೋಣಿಸಿ ಅವನು ತನ್ನ ವೀರನಿಗೆ ಹಾರಮಾಡಿ ಹಾಕಿದನು. ಮೂರನೆಯದಾಗಿ, ಅವನು ಎಲ್ಲ ಕಡೆಯಲ್ಲಿಯೂ ನಮ್ಮವರ ಪಕ್ಷಪಾತಿಯಾಗಿರಲಿಲ್ಲ. ‘ರಹಸ್ಯದ್ವೀಪ’ದಲ್ಲಿಯೇ ನೆಮೋವಿನ ಕಥೆಯನ್ನು ಕೇಳಿದ ಅಮೆರಿಕದ ಎಂಜಿನಿಯರನು, ಅನಿವಾರ್ಯವಾದ ಪ್ರಗತಿಯನ್ನು ಎದುರಿಸಿದುದೇ ಅವನ ತಪ್ಪೆಂದು ತೀರ್ಪುಕೊಡುತ್ತಾನೆ. ೧೮೮೦ರ ‘ಉಗಿಯ ಮನೆ’ ಎಂಬ ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಉಕ್ಕಿನ ಆನೆಯೊಂದು ಉತ್ತರ ಇಂಡಿಯದಲ್ಲೆಲ್ಲ ಸಂಚರಿಸುತ್ತದೆ. ಅಲ್ಲಿ ಕಥೆಯ ಸಹಾನುಭೂತಿಯೆಲ್ಲ ಇಂಗ್ಲಿಷ್ ಕರ್ನಲನ ಕಡೆಗೆ, ಖಳನ ಪಾತ್ರ ನಾನಾಸಾಹೇಬನಿಗೆ.

ಹಾಗಾದರೆ ಉಳಿಯುವುದೇನು? ಬಹಳ ಉಳಿಯುತ್ತದೆಯೆಂದು ನಮ್ಮ ಅಭಿಪ್ರಾಯ. ೧೮೫೭ರ ಸಂಗ್ರಾಮವು ನಡೆದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಯೂರೋಪಿನ ಪತ್ರಿಕೆಗಳಲ್ಲಿ ಅದರ ಕಥೆಯನ್ನು ಹೇಳುತ್ತಿದ್ದವರು ಬಹುಮಟ್ಟಿಗೆ ಗೆದ್ದವರು. ಅಂಥ ಕಾಲದಲ್ಲಿ, ಯೂರೋಪಿನ ವಿದ್ಯೆಯನ್ನೆಲ್ಲ ಕಲಿತು ಯೂರೋಪಿನ ಯಂತ್ರಜ್ಞರನ್ನೆಲ್ಲ ಮೀರಿಸಿದ ಒಬ್ಬ ಇಂಡಿಯದವನನ್ನು ವರ್ನನು ಕಲ್ಪಿಸಿದನು. ಅವನ ದುಃಖಕ್ಕೆ ಕಾರಣವುಂಟು, ಅವನ ಕೋಪಕ್ಕೆ ನ್ಯಾಯವುಂಟು ಎಂದು ಲಕ್ಷಾಂತರ ಬಾಲಕರ ಮನಸ್ಸಿಗೆ ನಾಟುವಂತೆ ಬರೆದನು. ಲೋಕದ ಅತ್ಯದ್ಭುತವಾದ ನೌಕೆಯನ್ನು ಕಟ್ಟಿದವನು ಸೋತ ನಾಡಿನವನೆಂದು ಹೇಳುವುದು ಆ ದಿನಗಳಲ್ಲಿ ಚಂದ್ರಯಾನಕ್ಕಿಂತ ಕಡಮೆಯ ಸಾಹಸವಾಗಿರಲಿಲ್ಲ.

ಈಗ ನಾವು ಮತ್ತೆ ಅಂಚೆಚೀಟಿಗೆ ಬರೋಣ. ನೆಮೋವಿನ ಗೋಡೆಯ ಮೇಲಿದ್ದ ಚಿತ್ರಪಟಗಳ ಮಾತನ್ನು ಹೇಳಿದೆವಷ್ಟೆ. ಅವರಲ್ಲಿ ವಾಷಿಂಗ್ಟನ್ ೧೮೪೭ರಲ್ಲಿಯೇ, ಲಿಂಕನ್ ೧೮೬೬ರಲ್ಲಿ, ಸ್ವತಂತ್ರವಾದ ತಮ್ಮ ದೇಶದ ಅಂಚೆಚೀಟಿಯನ್ನು ಸೇರಿದ್ದರು. ಓಕಾನೆಲ್ ಕಾಯಬೇಕಾಯಿತು, ಐರ್ಲೆಂಡು ತನ್ನ ಆಡಳಿತವನ್ನು ತಾನೇ ವಹಿಸಿಕೊಂಡ ಮೇಲೆ, ೧೯೨೯ರಲ್ಲಿ, ಅದರ ಮೊದಲ ಸ್ಮಾರಕ ಚೀಟಿಯು ಅವನದಾಯಿತು. ತಾನು ನೆರವಾಗಿದ್ದ ಅಮೆರಿಕದ ಚೀಟಿಯನ್ನು ಕೊಷ್ಚೂಷ್ಕೊ ೧೯೩೩ರಲ್ಲಿ ಸೇರಿದನು. ತಿಳಿಯುವುದಿಷ್ಟು: ಗೋಡೆಯ ಮೇಲೆ ತೂಗುಹಾಕಿದ ಪಟವು ಒಬ್ಬ ಮನುಷ್ಯನ ಭಕ್ತಿ, ಅಂಚೆಚೀಟಿಯಾದರೋ ಒಂದು ಸ್ವತಂತ್ರ ನಾಡಿನ ಮಾತು. ನಾಡಿಗೆ ತನ್ನ ಬಾಯಿ ಬರುವವರೆಗೂ ಅದರ ವೀರರು ಕಾಯಬೇಕು.

ನಮ್ಮ ನಾಡಿಗೂ ಆ ಬಾಯಿ ಬಂದಿತು. ೧೮೫೭ರ ಸಂಗ್ರಾಮದ ಶತಮಾನೋತ್ಸವದ ನೆನಪಿಗಾಗಿ ೧೯೫೭ರಲ್ಲಿ ಭಾರತವು ಹೊರಡಿಸಿದ ಚೀಟಿಗಳಲ್ಲಿ ಒಂದರ ಮೇಲೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಚಿತ್ರವಿತ್ತು. ಝಾನ್ಸಿಯು ಬುಂದೇಲಖಂಡದಲ್ಲಿರುವುದು, ಡಕ್ಕಾರನ ನಾಡೆಂದು ವರ್ನನು ಹೇಳಿದುದೂ ಅದನ್ನೇ. ೧೯೭೪ರಲ್ಲಿ ಭಾರತದ ಅಂಚೆಯು ಟೀಪೂ ಸುಲ್ತಾನನ ಚಿತ್ರವುಳ್ಳ ಐವತ್ತು ಪೈಸೆಯ ಚೀಟಿಯನ್ನು ಹೊರಡಿಸಿತು. ‘ರಹಸ್ಯದ್ವೀಪ’ವು ಹೊರಬರಲು ತೊಡಗಿ ಆಗ್ಗೆ ಸರಿಯಾಗಿ ನೂರು ವರ್ಷ. ಇದು ಕಾಕತಾಳೀಯವೇ ಹೊರತು ಯಾರೂ ಯೋಚಿಸಿ ಮಾಡಿದುದಲ್ಲ. ಆದರೂ ಮನಸ್ಸಿಗೆ ಹಿಡಿಸುವಂಥದು.

ಚೀಟಿಗಳನ್ನು ಕೂಡಿಸುವ ಬಾಲಕರು ದೇಶಕ್ಕೊಂದು ಪುಟವನ್ನು ಮೀಸಲಿಡುವುದು ವಾಡಿಕೆ. ಒಂದು ಪುಟವನ್ನು ಆ ಕ್ರಮದಿಂದ ಬಿಡಿಸಿ, ಫ್ರಾನ್ಸಿನ ನಾಟಿಲಸ್, ಬುಂದೇಲಖಂಡದ ರಾಣಿ, ಶ್ರೀರಂಗಪಟ್ಟಣದ ಸುಲ್ತಾನ, ಈ ಮೂರನ್ನೂ ಒಂದೆಡೆ ಅಂಟಿಸಿ ನೋಡಬೇಕೆಂದು ನಾವು ಅವರಿಗೆ ಸೂಚಿಸುತ್ತೇವೆ. ಮೊದಲನೆಯದು ಕಲ್ಪನೆ, ಉಳಿದ ಎರಡು ಚರಿತ್ರೆ; ಈ ಭೇದವನ್ನು ಮರೆಯಬಾರದು. ಝಾನ್ಸಿಯಲ್ಲಿ ಮನೆಮಾರುಗಳನ್ನು ಕಳೆದುಕೊಂಡವರು ನಿಜವಾಗಿ ಇದ್ದರು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಿದ್ದವರು ನಿಜವಾಗಿ ಬಿದ್ದರು. ಅವರಲ್ಲಿ ಬಹುಮಂದಿಯ ಹೆಸರು ಯಾವ ಚೀಟಿಯ ಮೇಲೂ ಬರಲಿಲ್ಲ, ಬರುವಂತೆಯೂ ಇಲ್ಲ. ದೂರದೇಶದ ಒಬ್ಬ ಕಥೆಗಾರನು ಅಂಥವರಿಗೆಲ್ಲ ಸೇರಿಸಿ, ತಿಳಿದೋ ತಿಳಿಯದೆಯೋ, ‘ಯಾರೂ ಅಲ್ಲ’ ಎಂಬ ಒಂದು ಹೆಸರನ್ನೂ ಒಂದು ನೌಕೆಯನ್ನೂ ಕೊಟ್ಟನು. ಆ ನೌಕೆಯ ಚಿತ್ರವನ್ನು ಕಂಡಾಗ, ಒಳಗೆ ಕುಳಿತವನು ಯಾವ ನಾಡಿನವನೆಂಬುದನ್ನು ಒಂದು ಗಳಿಗೆ ನೆನೆದರೆ, ವರ್ನನಿಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ, ನಮ್ಮವರಿಗೆ ಸಲ್ಲಬೇಕಾದುದೂ ಸಲ್ಲುತ್ತದೆ. ಇಷ್ಟನ್ನು ಅರಿಕೆಮಾಡಿ ನಮ್ಮ ಮಾತನ್ನು ಮುಗಿಸುತ್ತೇವೆ.